ಹಾರ್ಲನ್ ಪೀಸ್ಲಿ ಕೂತದ್ದು

ವೆದರ್ಬಿ ಕಾಲೇಜಿಗಾಗಿ ಹಾರ್ಲನ್ ಪೀಸ್ಲಿ ನಾಲ್ಕು ಚಳಿಗಾಲ ಐಸ್ ಹಾಕಿ ಆಡಿ ನಲವತ್ತೊಂದು ಗೋಲು ಹೊಡೆದಿದ್ದ. ಅವುಗಳಲ್ಲಿ ಒಂದಾದರೂ ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ಊರಿಗೆಲ್ಲ ನೆನಪಿದ್ದದ್ದು ಅವನು ಒಂದು ಸಲ ಬೆಂಚಿನ ಮೇಲೆ ಕೂತದ್ದು ಮಾತ್ರ. ಬೆವರು ಸುರಿಸಿ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಿ, ಏನೂ ಮಾಡದೆ ಕೂತ ಒಂಬತ್ತು ನಿಮಿಷವೇ ಕೀರ್ತಿಯಾದರೆ ಮನುಷ್ಯನಿಗೆ ಹೇಗಾಗಬೇಡ, ಹೇಳಿ.

ಆಗಿನ ಆಟದ ರೀತಿಯೇ ಬೇರೆ. ಹೆಪ್ಪುಗಟ್ಟಿದ ಕೊಳದ ಮೇಲೆ ಏಳು ಜನ ಇಳಿದರೆ ಆ ಏಳೇ ಜನ ನಲವತ್ತು ನಿಮಿಷವೂ ಆಡಬೇಕು. ಸುಸ್ತಾಯಿತು ಎಂದು ಹೊರಗೆ ಬರುವ ಹಾಗಿಲ್ಲ. ಎದುರು ಪಕ್ಷದವನೊಬ್ಬ ಪೆಟ್ಟು ತಿಂದು ಆಟ ಬಿಟ್ಟರೆ ಇವರೂ ಒಬ್ಬನನ್ನು ಕೂರಿಸಿ ಸಮ ಮಾಡಬೇಕು. ಅದು ಪುಸ್ತಕದಲ್ಲಿ ಬರೆದ ನಿಯಮವಲ್ಲ, ಮರ್ಯಾದಸ್ಥರ ಪದ್ಧತಿ. ಯಾರನ್ನು ಕೂರಿಸುವುದು ಎಂಬುದು ನಾಯಕನ ಇಷ್ಟ. ಒಮ್ಮೆ ಕೂತವನು ಮಾತ್ರ ಕೂತ ಹಾಗೆಯೇ. ನಾಯಕರು ಏನು ಮಾಡುತ್ತಿದ್ದರೆಂದು ಬಿಡಿಸಿ ಹೇಳಬೇಕಾಗಿಲ್ಲ. ತಂಡದಲ್ಲಿ ಎಲ್ಲರಿಗಿಂತ ಕೈಲಾಗದವನ ಬೆನ್ನು ತಟ್ಟಿ, ‘ದಣಿದಿದ್ದೀಯ, ಕೂತ್ಕೋ ಹೋಗು’ ಎನ್ನುತ್ತಿದ್ದರು. ಮರ್ಯಾದೆಯೂ ಉಳಿಯುತ್ತಿತ್ತು, ಆಟವೂ ಕೆಡುತ್ತಿರಲಿಲ್ಲ.

1899ರ ಫೆಬ್ರವರಿಯ ಒಂದು ಶನಿವಾರ ಸ್ಟ್ಯಾನ್‌ವಿಕ್ ಕಾಲೇಜಿನ ಜೊತೆ ಪಂದ್ಯ. ಎರಡೂ ಕಡೆ ಎರಡೆರಡು ಗೋಲಾಗಿ ಒಂಬತ್ತು ನಿಮಿಷ ಉಳಿದಿದ್ದಾಗ ಸ್ಟ್ಯಾನ್‌ವಿಕ್‌ನ ಎಲ್ಲರಿಗಿಂತ ಒಳ್ಳೆಯ ಆಟಗಾರನ ಕಣಕಾಲು ಮುರಿಯಿತು. ವೆದರ್ಬಿಯ ನಾಯಕ ಹಾರ್ಲನ್, ತಂಡದಲ್ಲಿ ಅವನನ್ನು ಬಿಟ್ಟರೆ ಗೋಲು ಹೊಡೆಯುವವರೇ ಇಲ್ಲದ ಹಾರ್ಲನ್, ತಾನೇ ಹೋಗಿ ಬೆಂಚಿನ ಮೇಲೆ ಕೂತ. ವೆದರ್ಬಿ ಸೋತಿತು. ಮರುವಾರ ಕಾಲೇಜಿನ ಪತ್ರಿಕೆ ಎರಡು ಪುಟ ತುಂಬ ಬರೆಯಿತು. ಕಾಲೇಜಿನ ಅಧ್ಯಕ್ಷರು ಪ್ರಾರ್ಥನೆಯ ಹೊತ್ತಿನಲ್ಲಿ, ಗೆಲ್ಲಬಲ್ಲವನು ಸೋಲನ್ನು ಆರಿಸಿಕೊಳ್ಳುವುದೇ ನಿಜವಾದ ಗೆಲುವು ಎಂದು ಮುಕ್ಕಾಲು ಗಂಟೆ ಉಪದೇಶ ಮಾಡಿದರು. ಹಾರ್ಲನ್ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಅದನ್ನೂ ವಿನಯವೆಂದೇ ಎಲ್ಲರೂ ತಿಳಿದರು.

ನಿಜ ಸಂಗತಿ ಇಷ್ಟೇ: ಆ ಮಧ್ಯಾಹ್ನ ಅವನು ಮೂರು ತಟ್ಟೆ ಬೀನ್ಸ್ ತಿಂದಿದ್ದ. ಅವನಿದ್ದ ಮಿಸೆಸ್ ಟಟಲ್ ಅವರ ಊಟದ ಮನೆಯಲ್ಲಿ ಶನಿವಾರವೆಂದರೆ ಬೀನ್ಸ್ ಕಾಳಿಗೆ ಜೋನಿಬೆಲ್ಲ, ಉಪ್ಪಿನ ಹಂದಿಮಾಂಸ ಹಾಕಿ ಮಣ್ಣಿನ ಗಡಿಗೆಯಲ್ಲಿ ಗಂಟೆಗಟ್ಟಲೆ ಬೇಯಿಸಿದ್ದು. ಪಂದ್ಯವಿದ್ದವನು ಒಂದು ತಟ್ಟೆಗೆ ಏಳಬೇಕು. ಇವನು ಏಳಲಿಲ್ಲ. ಎರಡನೆಯ ಅವಧಿಯಲ್ಲಿ ಹೊಟ್ಟೆ ನುಲಿಯತೊಡಗಿ, ಬಗ್ಗಿದವನಿಗೆ ನೆಟ್ಟಗಾಗಲು ಆಗುತ್ತಿರಲಿಲ್ಲ. ಎದುರಿನವನು ಬಿದ್ದದ್ದು ನೋಡಿ ಅಯ್ಯೋ ಪಾಪ ಎನ್ನುವುದಕ್ಕೆ ಮೊದಲು ಅವನಿಗೆ ಅನ್ನಿಸಿದ್ದು, ಸದ್ಯ ಕೂರಲು ಒಂದು ನೆಪ ಸಿಕ್ಕಿತಲ್ಲ ಎಂದು.

ಮೊದಲ ವಾರ ನಾಲ್ಕು ಜನರಿಗೆ ಹೇಳಿ ನೋಡಿದ. ನಕ್ಕರು. ಆಮೇಲೆ ಸುಮ್ಮನಾದ. ಎರಡು ವರ್ಷದ ಮೇಲೆ ಕಾಲೇಜು ಹಾಕಿ ತಂಡಕ್ಕೊಬ್ಬ ತರಬೇತುದಾರನನ್ನು ಹುಡುಕಿದಾಗ, ‘ಕೂತವನು ಇದ್ದಾನಲ್ಲ’ ಎಂದು ಅವನನ್ನೇ ಕರೆದರು. ಆಗ ಬಾಯಿ ಬಿಡುವ ಧೈರ್ಯ ಎಲ್ಲಿಂದ ಬರಬೇಕು? ಬಿಸಿತುಪ್ಪದಂತೆ ಅದು ಗಂಟಲಲ್ಲೇ ಉಳಿಯಿತು, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಕೆಲಸವನ್ನೇನೋ ಮೈಮುರಿದು ಮಾಡಿದ. ಅವನು ಬರುವ ಮೊದಲು ವೆದರ್ಬಿಯ ಹುಡುಗರ ಆಟವೆಂದರೆ ರಬ್ಬರ್ ಬಿಲ್ಲೆ ಸಿಕ್ಕವನು ಅದನ್ನು ಕೋಲಿನಲ್ಲಿ ತಳ್ಳಿಕೊಂಡು ತಾನೊಬ್ಬನೇ ಓಡುವುದು, ಯಾರಾದರೂ ಕಿತ್ತುಕೊಂಡ ಮೇಲೆ ಅವನ ಹಿಂದೆ ಓಡುವುದು. ಬಿಲ್ಲೆಯನ್ನು ಮುಂದಕ್ಕೆ ದಾಟಿಸುವುದಕ್ಕೆ ಆಗ ಅಪ್ಪಣೆಯಿರಲಿಲ್ಲ, ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ ಮಾತ್ರ. ಹಾಗಿದ್ದರೆ ನಾಲ್ಕು ಜನ ಒಂದೇ ಸಾಲಿನಲ್ಲಿ ಓಡಿದರೆ ಏನಾಗುತ್ತದೆ ಎಂದು ಹಾರ್ಲನ್ ಯೋಚಿಸಿದ. ಊಟದ ಮೇಜಿನ ಮೇಲೆ ಚಮಚಗಳನ್ನು ಸಾಲಾಗಿ ಸರಿಸಿ ಸರಿಸಿ ಆ ಓಟವನ್ನು ಕಂಡುಹಿಡಿದ. ಎರಡು ವರ್ಷ ಹುಡುಗರಿಗೆ ಕಲಿಸಿದ. ಮೂರನೆಯ ವರ್ಷ ಸ್ಟ್ಯಾನ್‌ವಿಕ್‌ನವರು ನೋಡಿ ಕಲಿತು, ಅದರಿಂದಲೇ ಇವರನ್ನು ಸೋಲಿಸಿದರು. ಪತ್ರಿಕೆಗಳು ಅದಕ್ಕೆ ‘ಸ್ಟ್ಯಾನ್‌ವಿಕ್ ಓಟ’ ಎಂದು ಹೆಸರಿಟ್ಟವು. ಆ ದಿನ ಹಾರ್ಲನ್ ಪತ್ರಿಕೆಯನ್ನು ಒಲೆಗೆ ಹಾಕಿದ, ಆಮೇಲೆ ಒಲೆಯನ್ನೂ ಒದ್ದ.

ಹತ್ತು ಚಳಿಗಾಲ ಹೀಗೇ ಹೋದವು. ಸ್ಟ್ಯಾನ್‌ವಿಕ್ ಮುಂದೆ ಏಳು ಸಲ ಸೋಲು. ಉಳಿದ ಮೂರು ಸಲ ಪಂದ್ಯದ ದಿನವೇ ಬಿಸಿಲು ಬಂದು ಕೊಳ ಕರಗಿ ಆಟವೇ ಇಲ್ಲ. ಹಳೆಯ ವಿದ್ಯಾರ್ಥಿಗಳು ಹೆಂಡಿರು ಮಕ್ಕಳೊಡನೆ ಬರುತ್ತಿದ್ದರು. ಅವನು ಹೊಸ ಹುಡುಗರ ಓಟ ತೋರಿಸೋಣವೆಂದು ಕರೆದರೆ, “ಅದಿರ್ಲಿ ಪೀಸ್ಲಿ, ನೀವು ಕೂತ ಬೆಂಚು ಯಾವುದು, ತೋರಿಸಿ,” ಎನ್ನುತ್ತಿದ್ದರು. ಮಕ್ಕಳನ್ನು ಅದರ ಮೇಲೆ ಕೂರಿಸಿ ಫೋಟೋ ತೆಗೆಸುತ್ತಿದ್ದರು.

1912ರ ಜನವರಿಯಲ್ಲಿ ಡೀನ್ ಕಿಟ್ರಿಜ್ ಅವನನ್ನು ಕರೆಸಿದರು.

“ನೋಡಿ ಪೀಸ್ಲಿ, ನಿಮ್ಮ ಮೇಲೆ ನಮಗೆಲ್ಲ ಎಷ್ಟು ಗೌರವ ಅಂತ ನಿಮಗೆ ಗೊತ್ತೇ ಇದೆ,” ಎಂದರು.

ಹೀಗೆ ಶುರುವಾದ ಮಾತು ಒಳ್ಳೆಯದಕ್ಕೆ ಮುಗಿದದ್ದನ್ನು ಹಾರ್ಲನ್ ಕಂಡಿರಲಿಲ್ಲ.

“ಸಮಿತಿಯವರು ಏನಂತಾರೆ ಅಂದ್ರೆ, ಹತ್ತು ವರ್ಷದಿಂದ ಸ್ಟ್ಯಾನ್‌ವಿಕ್ ಮುಂದೆ ಒಂದು ಸಲಾನೂ ಗೆಲ್ಲದ ಆಟಾನ ಇನ್ನೂ ಎಷ್ಟು ದಿನ ಎಳೀಬೇಕು ಅಂತ. ಬ್ಯಾಸ್ಕೆಟ್‌ಬಾಲ್ ಇದೆ, ಒಳಗಡೆ ಆಡ್ಬಹುದು, ಕೊಳ ಕರಗೋ ಚಿಂತೆ ಇಲ್ಲ. ಈ ಸಲ ಸ್ಟ್ಯಾನ್‌ವಿಕ್ ಮೇಲೆ ಗೆದ್ರೆ ಹಾಕೀನ ಫುಟ್‌ಬಾಲ್ ಸಮಕ್ಕೆ ಏರಿಸೋಣ. ಸೋತ್ರೆ ಇಲ್ಲಿಗೆ ಸಾಕು.”

“ಸಾಕು ಅಂದ್ರೆ?”

“ಸಾಕು ಅಂದ್ರೆ ಸಾಕು. ನೀವೇನೂ ಯೋಚಿಸ್ಬೇಡಿ, ನೀವು ಇದ್ದೇ ಇರ್ತೀರಿ. ಮೊದಲ ವರ್ಷದವರಿಗೆ ಕಸರತ್ತು ಮಾಡ್ಸೋರು ಬೇಕಲ್ಲ. ನಿಮ್ಮಂಥ ಮನುಷ್ಯನ್ನ ಕಾಲೇಜು ಕೈಬಿಡೋದುಂಟೆ?”

ಮರದ ಗುಂಡು ಎತ್ತಿಸುವ ಕೆಲಸ. ‘ಒಂದು, ಎರಡು, ಮೇಲೆ, ಕೆಳಗೆ’ ಎಂದು ಸಾಯುವವರೆಗೂ ಕೂಗುತ್ತಿರುವುದು. ಹಾರ್ಲನ್ ಟೋಪಿ ಹಾಕಿಕೊಂಡು ಹೊರಗೆ ಬಂದ. ಅಷ್ಟು ಚಳಿಯಲ್ಲೂ ಅವನಿಗೆ ಮೈ ಉರಿಯುತ್ತಿತ್ತು.

ಆ ಸಲ ಗೆಲ್ಲಬಹುದಿತ್ತು, ಅದೇ ಅವನ ನಿದ್ದೆ ಕೆಡಿಸಿದ್ದು. ನಾಯಕ ರೋಜರ್ ಟಿಲ್ಸನ್ ಎಂಬ ಹುಡುಗ ನಾಲ್ಕು ವರ್ಷದಲ್ಲಿ ಹಾರ್ಲನ್ ತಲೆಯೊಳಗಿದ್ದ ಆಟವನ್ನೆಲ್ಲ ಕಾಲಿಗೆ ಇಳಿಸಿಕೊಂಡಿದ್ದ. ಏಳು ಜನರಲ್ಲಿ ಇಂಥದೇ ಜಾಗ ಎಂದಿಲ್ಲದೆ ಎಲ್ಲಿ ಬೇಕಾದರೂ ನುಗ್ಗುವವನು ಒಬ್ಬನಿರುತ್ತಿದ್ದ. ಹಾರ್ಲನ್ ಆಡುತ್ತಿದ್ದದ್ದೂ ಅದೇ ಜಾಗದಲ್ಲಿ, ಟಿಲ್ಸನ್ ಆಡುತ್ತಿದ್ದದ್ದೂ ಅಲ್ಲೇ. ತಾನು ಆಡಿದ್ದಕ್ಕಿಂತ ಅವನು ಚೆನ್ನಾಗಿ ಆಡುತ್ತಾನೆಂದು ಹಾರ್ಲನ್‌ಗೆ ಗೊತ್ತಿತ್ತು. ಹೊಟ್ಟೆಕಿಚ್ಚಾಗುವುದರ ಬದಲು ಕಣ್ಣು ತುಂಬಿ ಬರುತ್ತಿತ್ತು.

ಆ ಹುಡುಗನಲ್ಲಿ ಒಂದೇ ಐಬು. ಅವನಿಗೆ ಒಂಬತ್ತು ವರ್ಷವಾಗಿದ್ದಾಗ ಅವರಪ್ಪ ಹಾರ್ಲನ್ ಕೂತ ಆ ಪಂದ್ಯ ನೋಡಿ ಬಂದು ಮನೆಯಲ್ಲಿ ಕಥೆ ಹೇಳಿದ್ದ. ಅದೊಂದು ಕಥೆಗಾಗಿ ಅವನು ದೊಡ್ಡ ದೊಡ್ಡ ಕಾಲೇಜು ಬಿಟ್ಟು ವೆದರ್ಬಿಗೆ ಬಂದಿದ್ದ. ಸ್ಕೇಟಿನ ಪಟ್ಟಿ ಕಟ್ಟುತ್ತ ಒಂದು ದಿನ ಕೇಳಿಯೂ ಬಿಟ್ಟ.

“ಸರ್, ಆವತ್ತು ಎದ್ದು ಹೋಗಿ ಕೂತಾಗ ನಿಮಗೆ ಏನನ್ನಿಸ್ತು?”

“ಏನೂ ಅನ್ನಿಸ್ಲಿಲ್ಲ. ಹೋಗು, ಹಿಂದಕ್ಕೆ ತಿರುಗೋದು ಇನ್ನೂ ಸರಿಯಾಗಿಲ್ಲ ನಿಂದು.”

ಟಿಲ್ಸನ್ ಅವನನ್ನೇ ದೇವರನ್ನು ನೋಡುವ ಹಾಗೆ ನೋಡಿದ. ಏನೂ ಅನ್ನಿಸದೆಯೇ ಅಷ್ಟು ದೊಡ್ಡ ಕೆಲಸ ಮಾಡಿದವನು ಎಂದು ಗೌರವ ಇನ್ನೂ ಒಂದು ಮೊಳ ಏರಿತು.

ಇದನ್ನು ಹಾರ್ಲನ್ ಮನೆಗೆ ಬಂದು ಹೆಂಡತಿ ಲೊವೀನಾಗೆ ಹೇಳಿದ. ಲೊವೀನಾ ಬೇರೆ ಯಾರೂ ಅಲ್ಲ, ಅದೇ ಮಿಸೆಸ್ ಟಟಲ್ ಅವರ ಮಗಳು. ಆ ಮೂರನೆಯ ತಟ್ಟೆ ಬಡಿಸಿದ್ದು ಅವಳ ಕೈಯೇ.

“ಹೇಳಿಬಿಡಬಾರದೇನ್ರೀ ಆ ಹುಡುಗನಿಗೆ,” ಎಂದಳು. “ನಮ್ಮಮ್ಮನ ಬೀನ್ಸಿಗೆ ಸೇರಬೇಕಾದ ಹೆಸರನ್ನ ಹದಿಮೂರು ವರ್ಷದಿಂದ ನೀವು ಹೊತ್ಕೊಂಡು ತಿರುಗ್ತಾ ಇದ್ದೀರಿ.”

“ಈಗ ಹೇಳಿದ್ರೆ ನನ್ನ ಯಾರು ಇಟ್ಕೋತಾರೆ?”

“ಅದೂ ಸರಿಯೇ. ಗೋಲು ಹೊಡೆದೋನು ಬೇಡ, ಕೂತೋನು ಬೇಕು. ನಿಮ್ಮ ಕಾಲೇಜಿನ ಬುದ್ಧಿ ಎಷ್ಟು ಅಂತ ಗೊತ್ತಾಗುತ್ತೆ ಬಿಡಿ.”

“ತಮಾಷೆ ಸಾಕು. ಈ ಪಂದ್ಯ ಒಂದು ಗೆದ್ದುಬಿಟ್ರೆ ಆ ಬೆಂಚನ್ನ ನಾನೇ ಸೀಳಿ ಸೌದೆ ಮಾಡ್ತೀನಿ.”

“ಗೆಲ್ಲಿ ಮೊದಲು. ಶನಿವಾರ ಊಟಕ್ಕೆ ಸಪ್ಪೆ ಗಂಜಿ ಮಾಡ್ತೀನಿ, ಯಾವುದಕ್ಕೂ ಇರ್ಲಿ,” ಎಂದಳು.

ಪಂದ್ಯಕ್ಕೆ ಎರಡು ವಾರವಿದ್ದಾಗ ಹಾಳು ಬಿಸಿಲು ಶುರುವಾಯಿತು. ಕೊಳದ ಮೇಲೆ ಬೊಗಸೆ ಬೊಗಸೆ ನೀರು ನಿಂತಿತು. ಹುಡುಗರು ಊಟದ ಹಾಲ್‌ನ ನೆಲದ ಮೇಲೆ ಬೂಟು ಹಾಕಿಕೊಂಡು ಸಾಲಿನ ಓಟ ಅಭ್ಯಾಸ ಮಾಡಿದರು, ಅಡುಗೆಯವರು ಬೈದರು. ಹಾರ್ಲನ್ ದಿನಕ್ಕೆ ಹತ್ತು ಸಲ ಕೊಳದ ದಂಡೆಗೆ ಹೋಗಿ ಆಕಾಶಕ್ಕೆ ಶಾಪ ಹಾಕಿ ಬಂದ. ಗುರುವಾರ ಸಂಜೆ ಉತ್ತರದ ಗಾಳಿ ಬೀಸಿತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಮಂಜುಗಡ್ಡೆ ಕಲ್ಲಾಗಿತ್ತು.

ಆಟ ಶುರುವಾಗಿ ಸೀಟಿ ಊದಿದರೆ ತರಬೇತುದಾರ ಸತ್ತವನಿಗೆ ಸಮ. ಒಳಗಿರುವವರಿಗೆ ಒಂದು ಮಾತು ಹೇಳುವಂತಿಲ್ಲ, ಒಂದು ಸನ್ನೆ ಮಾಡುವಂತಿಲ್ಲ. ಮಾಡಿದರೆ ತಂಡಕ್ಕೆ ದಂಡ. ವರ್ಷವಿಡೀ ಬಾಯಿ ಹರಿಯುವಂತೆ ಕೂಗಿದವನು ಆ ನಲವತ್ತು ನಿಮಿಷ ಕಲ್ಲಿನಂತೆ ಕೂತಿರಬೇಕು. ಹಾರ್ಲನ್ ಕೊರಳಿನ ಶಾಲನ್ನು ಎರಡು ಸುತ್ತು ಬಾಯಿಗೆ ಬಿಗಿದುಕೊಂಡು ಬೆಂಚಿನ ತುದಿಯಲ್ಲಿ ಕೂತ. ಕೂತ ಬೆಂಚು ಅದೇ, ಬೇರೆ ಬೆಂಚು ಹಾಕಿ ಎಂದು ಎಷ್ಟು ಕೇಳಿದರೂ ಹಾಕಿರಲಿಲ್ಲ.

ಹುಡುಗರು ಆ ದಿನ ಆಡಿದ್ದನ್ನು ನೋಡಬೇಕಿತ್ತು. ನಾಲ್ವರು ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಓಡಿದರು. ಬಿಲ್ಲೆ ಬಲಕ್ಕೆ ಹೋಯಿತು, ಹಿಂದಕ್ಕೆ ಬಂತು, ಎಡಕ್ಕೆ ಜಾರಿತು, ಸ್ಟ್ಯಾನ್‌ವಿಕ್‌ನವರು ಎತ್ತ ನೋಡಬೇಕೆಂದು ತಿಳಿಯುವ ಮೊದಲೇ ಟಿಲ್ಸನ್ ಅದನ್ನು ಗೋಲಿಗೆ ಹೊಡೆದಿದ್ದ. ಒಂದು, ಎರಡು. ಅವರೂ ಎರಡು ಹೊಡೆದರು. ಎರಡನೆಯ ಅವಧಿಯ ಮಧ್ಯದಲ್ಲಿ ಟಿಲ್ಸನ್ ಮೂರನೆಯದನ್ನು ಹೊಡೆದ. ಮೂರಕ್ಕೆ ಎರಡು. ಹಾರ್ಲನ್ ಶಾಲಿನೊಳಗೇ ಏನೋ ಗೊಣಗುತ್ತ ತೊಡೆಗೆ ಗುದ್ದಿಕೊಂಡ. ಹತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ತಾನು ಬದುಕಿದ್ದಕ್ಕೆ ಅರ್ಥವಿದೆ ಅನ್ನಿಸಿತು.

ಎಂಟು ನಿಮಿಷ ಉಳಿದಿತ್ತು. ಸ್ಟ್ಯಾನ್‌ವಿಕ್‌ನ ನಾಯಕ, ಅವರ ತಂಡದ ಪ್ರಾಣವೇ ಆಗಿದ್ದವನು, ಬಿಲ್ಲೆಯ ಹಿಂದೆ ನುಗ್ಗಿ ಅಂಚಿನ ಹಲಗೆಗೆ ಭುಜ ಕೊಟ್ಟು ಬಿದ್ದ. ಮೂಳೆ ಮುರಿದ ಸದ್ದು ಬೆಂಚಿನವರೆಗೂ ಕೇಳಿಸಿತು. ಅವನನ್ನು ಇಬ್ಬರು ಹಿಡಿದುಕೊಂಡು ಹೊರಗೆ ಕರೆದೊಯ್ದರು.

ಈಗ ವೆದರ್ಬಿ ಒಬ್ಬನನ್ನು ಕೂರಿಸಬೇಕು. ಬೈರನ್ ಕಟ್ಸ್ ಎಂಬ ದಪ್ಪ ಹುಡುಗನಿದ್ದ, ಆಗಲೇ ಮೊಣಕಾಲಿನ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದ. ಅವನಿಗೂ ಗೊತ್ತಿತ್ತು ಕೂರಬೇಕಾದವನು ತಾನೆಂದು, ಬೆಂಚಿನ ಕಡೆ ತಿರುಗಿಯೂ ಇದ್ದ. ಟಿಲ್ಸನ್ ಅವನ ಭುಜ ಹಿಡಿದು ಏನೋ ಹೇಳಿ ಹಿಂದಕ್ಕೆ ಕಳಿಸಿದ. ಆಮೇಲೆ ರೆಫರಿಯ ಹತ್ತಿರ ಹೋಗಿ ತನ್ನ ಎದೆ ಮುಟ್ಟಿ ತೋರಿಸಿದ. ಸುತ್ತ ನಿಂತಿದ್ದ ಜನಕ್ಕೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಟೋಪಿಗಳು ಗಾಳಿಯಲ್ಲಿ ಹಾರಿದವು.

ಟಿಲ್ಸನ್ ಬಂದು ಹಾರ್ಲನ್ ಪಕ್ಕದಲ್ಲಿ ಕೂತ. ಮುಖ ಕೆಂಪಾಗಿ ಹೊಳೆಯುತ್ತಿತ್ತು.

“ನಿಮಗೆ ಇದೇ ಸರಿ ಅನ್ನಿಸುತ್ತೆ ಅಂತ ಗೊತ್ತಿತ್ತು, ಸರ್.”

ಹಾರ್ಲನ್ ಶಾಲು ಕಿತ್ತು ಹಾಕಿದ. ಒಳಗಿರುವವರ ಜೊತೆ ಮಾತಾಡಬಾರದು, ಕೂತವನ ಜೊತೆ ಮಾತಾಡಬಹುದು.

“ಹೋಗಿ ಸ್ಟ್ಯಾನ್‌ವಿಕ್‌ನವರ ಹತ್ರ ಕೇಳ್ಕೋ. ಕಟ್ಸ್ ಕೂರ್ತಾನೆ, ನಾನು ಆಡ್ತೀನಿ ಅನ್ನು. ಬೇಗ.”

“ಯಾಕೆ ಸರ್? ನೀವೇ ತಾನೆ...”

“ನಾನು ಏನೂ ಮಾಡ್ಲಿಲ್ಲ. ನನಗೆ ಹೊಟ್ಟೆನೋವಿತ್ತು. ಮೂರು ತಟ್ಟೆ ಬೀನ್ಸ್ ತಿಂದಿದ್ದೆ. ಬೇಕಾದ್ರೆ ನನ್ನ ಹೆಂಡತೀನ ಕೇಳು. ನಿಲ್ಲೋಕಾಗ್ದೆ ಕೂತೆ ಕಣಯ್ಯಾ, ಅಷ್ಟೇ. ಮಿಕ್ಕಿದ್ದೆಲ್ಲ ಆ ಪತ್ರಿಕೆಯೋರು ಬರೆದದ್ದು.”

ಟಿಲ್ಸನ್ ಅವನ ಮುಖವನ್ನೇ ನೋಡಿದ. ನಂಬಿದ. ನಂಬಿದ್ದು ಕಣ್ಣಿನಲ್ಲೇ ಕಾಣಿಸಿತು, ಅಲ್ಲಿ ಏನೋ ಆರಿಹೋಯಿತು.

“ಹದಿಮೂರು ವರ್ಷ ಹೇಳ್ದೇ ಇದ್ದೋರು ಈಗ್ಯಾಕೆ ಹೇಳ್ತಿದ್ದೀರಿ?”

“ಆಟ ಉಳೀಲಿ ಅಂತ. ಸೋತ್ರೆ ಹಾಕಿ ಇರಲ್ಲ ಅಂತ ನಿಮಗೆಲ್ಲ ಹೇಳಿಲ್ವ ನಾನು? ಕೇಳಿದ್ರೆ ಅವರು ಒಪ್ತಾರೆ, ಒಳ್ಳೆ ಹುಡುಗರು. ಏಳು.”

“ಒಪ್ತಾರೆ. ಆದ್ರೆ ನಾನು ಕೇಳಲ್ಲ.”

“ಟಿಲ್ಸನ್, ಕೈಮುಗೀತೀನಿ.”

“ನೀವು ಹೊಟ್ಟೆನೋವಿಗೆ ಕೂತ್ರಿ, ಸರ್. ನನಗೆ ಹೊಟ್ಟೆನೋವಿಲ್ಲ, ಆದ್ರೂ ಕೂತಿದ್ದೀನಿ,” ಎಂದು ಟಿಲ್ಸನ್ ಮುಖ ತಿರುಗಿಸಿ ಆಟ ನೋಡತೊಡಗಿದ.

ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ನೋಡಿದರು. ಟಿಲ್ಸನ್ ಇಲ್ಲದೆ ಸಾಲು ಹರಿದುಹೋಗಿತ್ತು. ನಾಲ್ಕು ನಿಮಿಷವಿದ್ದಾಗ ಕಟ್ಸ್ ಕೋಲಿನಿಂದ ಬಿಲ್ಲೆ ಜಾರಿತು, ಮೂರಕ್ಕೆ ಮೂರಾಯಿತು. ಕೊನೆಯ ನಿಮಿಷದಲ್ಲಿ ಸ್ಟ್ಯಾನ್‌ವಿಕ್‌ನ ಮೂವರು ಸಾಲಾಗಿ ಬಂದರು, ಹಾರ್ಲನ್ ಚಮಚ ಸರಿಸಿ ಕಂಡುಹಿಡಿದ ಅದೇ ಓಟ. ನಾಲ್ಕನೆಯ ಗೋಲು ಬೀಳುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸೋತವರನ್ನು ಜನ ಹೆಗಲ ಮೇಲೆ ಹೊತ್ತು ಮೆರೆಸಿದರು. ಸಂಜೆ ಏಳು ಗಂಟೆಗೆ ಎರಡೂ ತಂಡಗಳಿಗೆ ಊಟದ ಹಾಲ್‌ನಲ್ಲಿ ಔತಣ. ಕಡಲ ಸಿಂಪಿಯ ಸಾರು, ಹುರಿದ ದನದ ಮಾಂಸ, ಸೇಬಿನ ಕಡುಬು ಎಲ್ಲ ಇತ್ತು. ಹಾರ್ಲನ್ ಏನನ್ನೂ ಮುಟ್ಟಲಿಲ್ಲ. ಡೀನ್ ಕಿಟ್ರಿಜ್ ಎದ್ದು ನಿಂತು ಕನ್ನಡಕ ಒರೆಸಿಕೊಂಡರು.

“ಇವತ್ತು ನಾವು ನೋಡಿದ್ದು ಆಟ ಅಲ್ಲ, ಒಂದು ಪರಂಪರೆ,” ಎಂದರು. “ಗುರು ನಡೆದ ದಾರೀಲಿ ಶಿಷ್ಯ ನಡೆದ. ಸಮಿತಿ ಮೊದಲೇ ತೀರ್ಮಾನ ಮಾಡಿದ ಹಾಗೆ ಈ ಕಾಲೇಜಿನಲ್ಲಿ ಹಾಕಿ ಇವತ್ತಿಗೆ ಕೊನೆ. ಆದ್ರೆ ಇದಕ್ಕಿಂತ ಒಳ್ಳೆ ಕೊನೆ ಯಾವ ಆಟಕ್ಕೆ ಸಿಗುತ್ತೆ? ಆ ಬೆಂಚಿಗೆ ಹಿತ್ತಾಳೆ ಫಲಕ ಹಾಕ್ಸಿ, ಇಬ್ಬರ ಹೆಸರೂ ಕೆತ್ತಿಸಿ, ವ್ಯಾಯಾಮ ಶಾಲೇಲಿ ಇಡ್ತೀವಿ. ಮೊದಲ ವರ್ಷದ ಹುಡುಗರು ದಿನಾ ಅದನ್ನ ನೋಡಿ ಕಸರತ್ತು ಮಾಡ್ಲಿ.”

ಎಲ್ಲರೂ ಮೇಜು ಕುಟ್ಟಿ ಹಾರ್ಲನ್ ಮಾತಾಡಬೇಕೆಂದರು. ಅವನು ಎದ್ದ. ಎದ್ದದ್ದು ಸಿಟ್ಟಿನಿಂದಲೋ, ದುಃಖದಿಂದಲೋ, ಎರಡೂ ಬೆರೆತೋ ಅವನಿಗೇ ತಿಳಿಯಲಿಲ್ಲ. ಇನ್ನು ಕಳೆದುಕೊಳ್ಳುವುದಕ್ಕೆ ಏನೂ ಉಳಿದಿಲ್ಲ ಎಂಬುದೊಂದು ಗೊತ್ತಿತ್ತು.

“ನಾನು ಯಾವ ತ್ಯಾಗಾನೂ ಮಾಡ್ಲಿಲ್ಲ,” ಎಂದ. “ಆವತ್ತು ಮಧ್ಯಾಹ್ನ ಮೂರು ತಟ್ಟೆ ಬೀನ್ಸ್ ತಿಂದಿದ್ದೆ. ಹೊಟ್ಟೆ ನುಲಿದು ನಿಲ್ಲೋಕಾಗ್ಲಿಲ್ಲ. ಅದಕ್ಕೆ ಕೂತೆ.”

ಹಾಲ್ ಗೊಳ್ಳೆಂದು ನಕ್ಕಿತು. ಸ್ಟ್ಯಾನ್‌ವಿಕ್‌ನ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

“ನಗಬೇಡಿ. ನಾನು ಹೇಳ್ತಿರೋದು ನಿಜ. ಆ ಸುಳ್ಳಿಂದ ನನಗೆ ಕೆಲಸ ಸಿಕ್ತು. ಆ ಸುಳ್ಳನ್ನ ನಂಬಿ ಈ ಹುಡುಗ ಇವತ್ತು ಕೂತ. ನಾನು ಬಾಯಿ ಬಿಟ್ಟಿದ್ರೆ ಇವತ್ತು ನಾವು ಗೆದ್ದಿರ್ತಿದ್ವಿ.”

ನಗು ನಿಂತಿತು. ಸದ್ಯ, ತಲುಪಿತು ಎಂದು ಹಾರ್ಲನ್ ಉಸಿರುಬಿಟ್ಟ. ಅಷ್ಟರಲ್ಲಿ ಡೀನ್ ಕಣ್ಣೊರೆಸಿಕೊಳ್ಳುತ್ತ, “ನೋಡಿದ್ರಾ, ಸೋಲಿನ ಭಾರಾನೂ ತಾನೇ ಹೊರ್ತಾನೆ. ಹೊಗಳೋಕೂ ಬಿಡಲ್ಲ ಈ ಮನುಷ್ಯ,” ಎಂದರು. ಕುರ್ಚಿಗಳು ಸರಿದವು. ನೂರಿಪ್ಪತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಿಲ್ಲಿಸಲೇ ಇಲ್ಲ.

“ಇಲ್ಲ, ಕೇಳಿ,” ಎಂದು ಹಾರ್ಲನ್ ಕೈಯೆತ್ತಿದ. ಕೈಯೆತ್ತಿದಷ್ಟೂ ಸದ್ದು ಜೋರಾಯಿತು.

ಕೂತೇ ಇದ್ದವನು ಒಬ್ಬನೇ, ಟಿಲ್ಸನ್. ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು ಹಾರ್ಲನ್‌ನನ್ನೇ ನೋಡುತ್ತಿದ್ದ. ಹದಿಮೂರು ವರ್ಷದಿಂದ ಹಾರ್ಲನ್ ಬಯಸಿದ್ದು ತನ್ನ ಮಾತು ನಂಬಿ ಚಪ್ಪಾಳೆ ತಟ್ಟದೆ ಇರುವ ಒಬ್ಬ ಮನುಷ್ಯನನ್ನು. ಈಗ ಆ ಒಬ್ಬ ಎದುರಿಗೇ ಕೂತಿದ್ದ, ಮತ್ತು ಅವನೂ ಎದ್ದು ಚಪ್ಪಾಳೆ ತಟ್ಟಿಬಿಡಲಿ ಎಂದು ಹಾರ್ಲನ್‌ಗೆ ಅನ್ನಿಸಿತು.